ಏಳು ಹತ್ತನ್ನು ಭಾಗಿಸುವುದಿಲ್ಲ

ಹತ್ತನೇ ಕ್ಲಾಸಿನ ಗಣಿತದಲ್ಲಿ ವೃಂದಾಗೆ ಬಂದದ್ದು ನಲವತ್ತೊಂದು. ಅದೂ ಪರೀಕ್ಷೆಯ ಹಿಂದಿನ ವಾರ ಅವಳಪ್ಪ ತಿರುವಲ್ಲಿಕೇಣಿಯ ಪಾರ್ಥಸಾರಥಿಗೆ ಹರಕೆ ಹೊತ್ತದ್ದರಿಂದ ಎಂದು ಮನೆಮಂದಿಯೆಲ್ಲ ನಂಬಿದ್ದರು. ಅಂಥವಳು ಮೂವತ್ತೊಂದು ವರ್ಷದಿಂದ ಬದುಕು ನಡೆಸುತ್ತಿರುವುದು ಗಣಿತದಿಂದಲೇ. ಯಾರಾದರೂ ಕೇಳಿದರೆ ಅವಳೇ ನಕ್ಕು ಹೇಳುತ್ತಾಳೆ, ನನಗೆ ಅರ್ಥವಾಗಿದ್ದರೆ ಇಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ ಎಂದು. ಅದು ಬರೀ ಜಂಬದ ಮಾತಲ್ಲ. ಅರ್ಥ ಗೊತ್ತಿರುವವರು ಓದುವಾಗ ಬಿಟ್ಟುಹೋದದ್ದನ್ನು ಮನಸ್ಸಿನಲ್ಲೇ ತುಂಬಿಕೊಂಡು ಮುಂದೆ ಹೋಗುತ್ತಾರೆ. ವೃಂದಾ ಆಕಾರವನ್ನಷ್ಟೇ ನೋಡುತ್ತಿದ್ದಳು, ಆದ್ದರಿಂದ ಅವಳಿಗೆ ಏನೂ ತಪ್ಪುತ್ತಿರಲಿಲ್ಲ.

ಮದ್ರಾಸಿನ ಕ್ರೋಂಪೇಟೆ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಚಪ್ಪಲಿ, ಬೆಲ್ಟು ಮಾರುವ ಒಂದು ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ಗುರುಚರಣರ ಆಫೀಸು. ಒಂಬತ್ತು ಜನ, ಒಂಬತ್ತು ಕಂಪ್ಯೂಟರು, ಸದಾ ಕೊರಗುವ ಒಂದು ಏಸಿ. ಕಾಲೇಜು ಮೇಷ್ಟರುಗಳು ಬರೆದ ಗಣಿತದ ಪುಸ್ತಕಗಳನ್ನು ಅಚ್ಚಿಗೆ ಸಿದ್ಧಮಾಡಿ ಕೊಡುವುದು ಅವರ ಕೆಲಸ. ಅದಕ್ಕೆ ಲೇಟೆಕ್ ಎಂಬ ಏರ್ಪಾಡು. ಅದರಲ್ಲಿ ಪುಟವನ್ನು ಕಂಡಂತೆ ಬರೆಯುವುದಿಲ್ಲ, ಅಪ್ಪಣೆಯಾಗಿ ಬರೆಯುತ್ತಾರೆ. ಒಂದು ಚಿಹ್ನೆ ಬೇಕೆಂದರೆ ಮೊದಲು ಓರೆಗೆರೆ ಹಾಕಿ, ಅದಕ್ಕೆ ಅಂಟಿಸಿ ಆ ಚಿಹ್ನೆಯ ಇಂಗ್ಲಿಷ್ ಹೆಸರು. ಕಂಪ್ಯೂಟರು ಆ ಫೈಲನ್ನು ಓದಿ, ಅಪ್ಪಣೆಯಿದ್ದಲ್ಲೆಲ್ಲ ಚಿಹ್ನೆ ಇಟ್ಟು ಪುಟ ಕಟ್ಟಿ ಕೊಡುತ್ತದೆ. ಹೊಸಬರಿಗೆ ಆ ಫೈಲು ನೋಡಿದರೆ ತಲೆ ಗಿರ್ರೆನ್ನುತ್ತದೆ. ಪರದೆಯ ತುಂಬ ಓರೆಗೆರೆಗಳು, ಬ್ರಾಕೆಟ್ಟುಗಳು. ವೃಂದಾ ಮಾತ್ರ ಅದನ್ನು ಅಡುಗೆ ಚೀಟಿ ಓದಿದ ಹಾಗೆ ಓದುತ್ತಿದ್ದಳು.

ಆ ಆಫೀಸಿನಲ್ಲಿ ಎರಡು ಪದ್ಧತಿಗಳಿದ್ದವು. ಬರೆದಿಟ್ಟವಲ್ಲ, ತಾವಾಗಿ ಬೆಳೆದವು. ಒಂದು, ಫೈಲಿನಲ್ಲಿ ಏನಾದರೂ ಎಡವಟ್ಟಿದ್ದರೂ ಕಂಪ್ಯೂಟರು ನಿಲ್ಲದೆ ಪುಟ ಕಟ್ಟುತ್ತಲೇ ಹೋಗಬೇಕು. ದೂರುಗಳನ್ನೆಲ್ಲ ಪಕ್ಕದ ಒಂದು ಕಡತದಲ್ಲಿ ಬರೆದಿಟ್ಟರೆ ಸಾಕು. ಹಳೆಯ ಫೈಲುಗಳಲ್ಲಿ ಕೆಲಸಕ್ಕೆ ಬಾರದ ದೂರುಗಳೇ ನಾನೂರು ಬರುತ್ತಿದ್ದುದರಿಂದ ಆ ಕಡತವನ್ನು ಯಾರೂ ತೆರೆಯುತ್ತಿರಲಿಲ್ಲ. ಎರಡನೆಯದು, ವೃಂದಾ ಹಾಕಿದ ತಿದ್ದುಪಡಿಯನ್ನು ಯಾರೂ ಮತ್ತೆ ತಾಳೆ ನೋಡುತ್ತಿರಲಿಲ್ಲ. "ವೃಂದಾ ಮಾಡಿದ್ದಾಳಾ? ಸರಿ, ಕಳಿಸು" ಎನ್ನುತ್ತಿದ್ದರು ಗುರುಚರಣ. ಈ ಒಂದು ಮಾತು ಕೇಳಲಿಕ್ಕಾಗಿಯೇ ಅವಳು ಎಷ್ಟೋ ಸಲ ಊಟ ತಡಮಾಡಿದ್ದುಂಟು.

ಹೋದ ದೀಪಾವಳಿಯ ಹೊತ್ತಿಗೆ ಅವಳ ಕಣ್ಣು ಕೈಕೊಡತೊಡಗಿತು. ಓರೆಗೆರೆಯೂ ನೆಟ್ಟಗೆರೆಯೂ ಒಂದೇ ಆಗಿ ಕಾಣತೊಡಗಿದವು. ಬ್ರಾಕೆಟ್ಟು ಮುಚ್ಚಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಬೇಕಾಯಿತು. ಕನ್ನಡಕದ ಅಂಗಡಿಯವನು ಟಾರ್ಚು ಬಿಟ್ಟು ನೋಡಿ, "ಕನ್ನಡಕ ಬದಲಾಯಿಸಿ ಪ್ರಯೋಜನ ಇಲ್ಲ ಮೇಡಂ, ಎರಡು ಕಣ್ಣಲ್ಲೂ ಪೊರೆ ಬಂದಿದೆ" ಎಂದು ಚೀಟಿ ಬರೆದುಕೊಟ್ಟ. ಆ ಚೀಟಿಯನ್ನು ಅವಳು ಹ್ಯಾಂಡ್‌ಬ್ಯಾಗಿನ ಒಳ ಜಿಪ್ಪಿನಲ್ಲಿಟ್ಟು ಜಿಪ್ಪು ಎಳೆದುಬಿಟ್ಟಳು.

ಪೊರೆ ತೆಗೆಸುವುದು ಈಗ ಏನೂ ಅಲ್ಲ, ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರಬಹುದು ಎಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆಪರೇಷನ್ನಿಗೆ ಅವಳು ಹೆದರಲಿಲ್ಲ. ಅದಕ್ಕೆ ರಜೆ ಬೇಕು, ರಜೆಗೆ ಕಾರಣ ಹೇಳಬೇಕು, ಕಾರಣ ಹೇಳಿದರೆ ವೃಂದಾಗೆ ಕಣ್ಣು ಕಾಣುವುದಿಲ್ಲ ಎಂಬ ಮಾತು ಆಫೀಸಿನಲ್ಲಿ ಹುಟ್ಟುತ್ತದೆ, ಇದಕ್ಕೆ ಹೆದರಿದಳು. ಅವಳಿಗೆ ಕೆಲಸ ಕಲಿಸಿದ ಜಯಲಕ್ಷ್ಮಮ್ಮನಿಗೆ ಆರು ವರ್ಷದ ಹಿಂದೆ ಹೀಗೇ ಆಗಿತ್ತು. ಗುರುಚರಣರು ಒಳ್ಳೆಯ ಮನಸ್ಸಿನಿಂದಲೇ, "ಇನ್ಮೇಲೆ ನೀವು ಟೈಪು ಮಾಡೋದು ಬೇಡಮ್ಮ, ಸುಮ್ನೆ ಫೈಲು ಜೋಡಿಸಿಕೊಂಡಿರಿ" ಎಂದಿದ್ದರು. ಆಕೆ ಎರಡು ತಿಂಗಳು ಬೀರುವಿನ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಮೂರನೇ ತಿಂಗಳು ಬರುವುದನ್ನು ನಿಲ್ಲಿಸಿದರು. ಯಾರೂ ಅವರನ್ನು ಕೆಲಸದಿಂದ ತೆಗೆದಿರಲಿಲ್ಲ. ಅದೇ ವೃಂದಾಗೆ ಇವತ್ತಿಗೂ ಎದೆಯಲ್ಲಿ ಚುಚ್ಚುತ್ತಿತ್ತು. ಆ ಸ್ಟೂಲು ಇನ್ನೂ ಅಲ್ಲೇ ಇತ್ತು, ನೀರಿನ ಕ್ಯಾನಿನ ಪಕ್ಕದಲ್ಲಿ.

ಆದ್ದರಿಂದ ಅವಳು ಯಾರಿಗೂ ಹೇಳಲಿಲ್ಲ. ಮಗಳು ವೀಕ್ಷಾಗೆ ಮಾತ್ರ, ಅದೂ ಅರ್ಧ ಮಾತು. ವೀಕ್ಷಾ ಮದ್ರಾಸಿನಲ್ಲೇ ಹುಟ್ಟಿ ಅಲ್ಲೇ ಓದಿದವಳು. ಅಮ್ಮನ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಆಫೀಸಿನ ಲ್ಯಾಪ್‌ಟಾಪು ಮುಂದಿಟ್ಟುಕೊಂಡು ಕಣ್ಣು ಕಿರಿದುಮಾಡಿ ಕೂತಿದ್ದ ವೃಂದಾ, "ಈ ಅಕ್ಷರ ತುಂಬ ಚಿಕ್ಕದಾಗಿದೆ ಕಣೇ, ಕೊಂಜ ದೊಡ್ಡದು ಮಾಡಿ ಕೊಡು" ಎಂದಳು.

ವೀಕ್ಷಾ ಲ್ಯಾಪ್‌ಟಾಪನ್ನು ಎಳೆದುಕೊಂಡು ಅದರಲ್ಲಿ ಏನೇನೋ ಬದಲಾಯಿಸಿದಳು. ಹತ್ತು ನಿಮಿಷದ ಮೇಲೆ ತಿರುಗಿಸಿ ತೋರಿಸಿ, "ಅಮ್ಮಾ, ಇಂಗೆ ಪಾರು. ಇನಿಮೇ ಸ್ಲ್ಯಾಷೇ ತೆರಿಯಾದು. ಸಿಂಬಲ್ ಮಟ್ಟುಂದಾನ್" ಎಂದಳು.

ಅವಳು ಹೇಳಿದಂತೆ ನಿಜವಾಗಿಯೂ ಪರದೆಯ ಮೇಲೆ ಓರೆಗೆರೆಗಳ ಕಾಡು ಮಾಯವಾಗಿತ್ತು. ಅಪ್ಪಣೆಗಳಿದ್ದ ಜಾಗದಲ್ಲಿ ಚಿಹ್ನೆಗಳೇ ನಿಂತಿದ್ದವು, ದಪ್ಪಗೆ, ಬೇರೆ ಬೇರೆಯಾಗಿ. ಸೇರಿದೆ ಎನ್ನುವ ∈, ಹೆಚ್ಚಲ್ಲ ಎನ್ನುವ ≤, ಎಲ್ಲವೂ ಬೆಳ್ಳಗೆ ತೊಳೆದಿಟ್ಟ ಪಾತ್ರೆಗಳ ಹಾಗೆ. "ಏನೇ ಇದು, ಮ್ಯಾಜಿಕ್ಕಾ!" ಎಂದು ವೃಂದಾ ಮಗಳ ಕೆನ್ನೆ ಹಿಂಡಿದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳು ಒಂದು ಸೂತ್ರವನ್ನು ಇಡಿಯಾಗಿ ನೋಡಿದ್ದಳು. ಅವತ್ತು ರಾತ್ರಿ ಊಟಕ್ಕೆ ಹಪ್ಪಳ ಕರಿದಳು.

ವೀಕ್ಷಾ ಅವತ್ತು ಮಾಡಿಕೊಟ್ಟದ್ದು ಒಂದಲ್ಲ, ಎರಡು ಸೌಕರ್ಯ. ಮೊದಲನೆಯದು ಬರೀ ತೋರಿಕೆ. ಫೈಲಿನಲ್ಲಿ ಅಪ್ಪಣೆ ಹಾಗೇ ಇರುತ್ತದೆ, ಕಣ್ಣಿಗೆ ಮಾತ್ರ ಚಿಹ್ನೆ ಕಾಣುತ್ತದೆ. ಎರಡನೆಯದು ಬೇರೆ. ಅಮ್ಮ ಹೊಸದಾಗಿ ಅಪ್ಪಣೆ ಟೈಪು ಮಾಡಿ ಸ್ಪೇಸ್ ಒತ್ತಿದರೆ ಅಪ್ಪಣೆಯೇ ಅಳಿಸಿಹೋಗಿ ಆ ಚಿಹ್ನೆಯೇ ಫೈಲಿನೊಳಗೆ ಹೋಗಿ ಕೂರುತ್ತದೆ. ಪರದೆಯ ಮೇಲೆ ನೋಡಿದರೆ ಎರಡಕ್ಕೂ ಕೂದಲಷ್ಟೂ ವ್ಯತ್ಯಾಸವಿಲ್ಲ. ಮಗಳು ಎರಡನ್ನೂ ಒಂದೇ ಉಸಿರಿನಲ್ಲಿ ವಿವರಿಸಿದಳು. ತಾಯಿ ಖುಷಿಯಲ್ಲಿ ಎರಡನ್ನೂ ಒಂದೇ ಎಂದುಕೊಂಡಳು. ಆಫೀಸಿನ ಕಂಪ್ಯೂಟರುಗಳಿಗೆ ನೇರ ಚಿಹ್ನೆಗಳು ಅಪರಿಚಿತವೇನಲ್ಲ. ಕೆಲವು ಮೇಷ್ಟರುಗಳು ಹಾಗೆ ಅಂಟಿಸಿ ಕಳಿಸುತ್ತಿದ್ದುದರಿಂದ, ಈ ಚಿಹ್ನೆ ಬಂದರೆ ಹೀಗೆ ಅಚ್ಚುಮಾಡು ಎಂದು ತೊಂಬತ್ತು ಚಿಹ್ನೆಗಳ ಪಟ್ಟಿಯೊಂದನ್ನು ಹಿಂದೆಯೇ ಮಾಡಿಟ್ಟಿದ್ದರು. ಆದ್ದರಿಂದ ಎರಡು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು. ಪಟ್ಟಿಯಲ್ಲಿಲ್ಲದ ಚಿಹ್ನೆ ಬಂದರೆ ಏನಾಗುತ್ತದೆ ಎಂದು ಕೇಳುವ ಸಂದರ್ಭವೇ ಬರಲಿಲ್ಲ.

ಆ ಹೊತ್ತಿಗೆ ಬಂದದ್ದು ತಿರುಮಲರ ಪುಸ್ತಕ. ಎಪ್ಪತ್ತಾರು ದಾಟಿದ ಗಣಿತದ ಮೇಷ್ಟರು; ಮೈಸೂರಿನಿಂದ ಬಂದು ನಲವತ್ತು ವರ್ಷ ಮದ್ರಾಸಿನ ಕಾಲೇಜುಗಳಲ್ಲಿ ಪಾಠ ಮಾಡಿದವರು. ಅಷ್ಟು ವರ್ಷದಲ್ಲಿ ಬರೆದದ್ದು ಇದೊಂದೇ ಪುಸ್ತಕ, ಪೂರ್ಣಸಂಖ್ಯೆಗಳ ಬಗ್ಗೆ, ನೂರೈವತ್ತು ಪುಟದ್ದು. ಹಳೆಯ ವಿದ್ಯಾರ್ಥಿಗಳು ಸೇರಿ ಏಪ್ರಿಲ್ ಕೊನೆಯ ಭಾನುವಾರ ಬಿಡುಗಡೆಗೆ ಸಭಾಂಗಣ ಗೊತ್ತುಮಾಡಿದ್ದರು. ಮೊದಲ ಪ್ರೂಫು ನೋಡಿದ ತಿರುಮಲರು ಕೆಂಪು ಪೆನ್ನಿನಲ್ಲಿ ಒಂದು ದೊಡ್ಡ ತಿದ್ದುಪಡಿ ಮಾಡಿ ಕಳಿಸಿದರು. ಈ ಸಂಖ್ಯೆ ಆ ಸಂಖ್ಯೆಯನ್ನು ಭಾಗಿಸುವುದಿಲ್ಲ ಎಂದು ಉದ್ದಕ್ಕೆ ಬರೆದಿದ್ದ ಕಡೆಯಲ್ಲೆಲ್ಲ ಮಾತು ತೆಗೆದು ಚಿಹ್ನೆ ಹಾಕಬೇಕು. ಕೆಂಪು ಗುರುತು ಬಿದ್ದ ಜಾಗಗಳು ಅರವತ್ತಮೂರು.

ಆ ಚಿಹ್ನೆ ಸರಳವಾದದ್ದು. ನೆಟ್ಟಗೆ ನಿಂತ ಗೆರೆಯೆಂದರೆ ಭಾಗಿಸುತ್ತದೆ. ಅದರ ಮೇಲೊಂದು ಓರೆ ಕೊರೆ ಬಿದ್ದರೆ ಭಾಗಿಸುವುದಿಲ್ಲ. ಏಳು ಹತ್ತನ್ನು ಭಾಗಿಸುವುದಿಲ್ಲ ಎನ್ನುವುದನ್ನು 7 ∤ 10 ಎಂದು ಬರೆಯುತ್ತಾರೆ. ವೃಂದಾ ಅರವತ್ತಮೂರನ್ನೂ ಆ ಲ್ಯಾಪ್‌ಟಾಪಿನಲ್ಲೇ ಒಂದೇ ದಿನ ಹಾಕಿದಳು. ತನ್ನ ಪರದೆಯ ಮೇಲೆ ಒಂದೊಂದನ್ನೂ ಎರಡೆರಡು ಸಲ ನೋಡಿದಳು. ಎಲ್ಲವೂ ಇದ್ದವು, ದಪ್ಪಗೆ, ಕಪ್ಪಗೆ. ಬುಧವಾರ ಸಂಜೆ ಫೈಲು ಪುರಸೈವಾಕ್ಕಂನ ಪ್ರೆಸ್ಸಿಗೆ ಹೋಯಿತು. ಮೇಷ್ಟರೂ ಒಪ್ಪಿಗೆಯ ಹಾಳೆಗೆ ಸಹಿ ಹಾಕಿ ಕಳಿಸಿದರು. ವೃಂದಾ ಹಾಕಿದ ತಿದ್ದುಪಡಿ ಎಂದು ಗುರುಚರಣರು ಹೇಳಿದಮೇಲೆ ಅವರೂ ಮತ್ತೆ ಪುಟ ತಿರುವಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಪಕ್ಕದ ಮೇಜಿನ ಮೋಹನ್ ಕರೆದ. ಮಂಡ್ಯ ಕಡೆಯವನು, ನಾಲ್ಕು ವರ್ಷದಿಂದ ಇಲ್ಲಿದ್ದಾನೆ, ಇಬ್ಬರು ಮಕ್ಕಳ ತಂದೆ. "ಅಕ್ಕಾ, ಮೇಷ್ಟ್ರ ಪುಸ್ತಕದಲ್ಲಿ ಕೋಷ್ಟಕ ಎಂಗೆ ಆಕಿದ್ರಿ, ಸ್ವಲ್ಪ ತೋರ್ಸಿ. ನಂಗೂ ಅದೇ ಬೇಕಾಗದೆ" ಎಂದ. ವೃಂದಾ ಕುರ್ಚಿ ಎಳೆದುಕೊಂಡು ಅವನ ಪರದೆಗೆ ಬಗ್ಗಿದಳು. ಅವನ ಕಂಪ್ಯೂಟರಿನಲ್ಲಿ ವೀಕ್ಷಾಳ ಸೌಕರ್ಯಗಳಿರಲಿಲ್ಲ. ಹಳೆಯ ಕಾಡು ಹಾಗೇ ಇತ್ತು, ಪರದೆಯ ತುಂಬ ಓರೆಗೆರೆಗಳು. ಅವುಗಳ ನಡುವೆ ಒಂದೇ ಒಂದು ಜಾಗದಲ್ಲಿ ಮಾತ್ರ ಚಿಹ್ನೆಯೇ ನಿಂತಿತ್ತು.

"ಇದ್ಯಾಕೆ ಹೀಗಿದೆ?" ಎಂದಳು ವೃಂದಾ.

"ನೀವು ಚಿಹ್ನೆನೇ ಅಂಟಿಸ್ಬುಟ್ಟಿದ್ದೀರಲ್ಲಕ್ಕಾ" ಎಂದು ಮೋಹನ್ ಆ ಪುಟದ ಅಚ್ಚಿನ ರೂಪ ತೆರೆದು ದೊಡ್ಡದು ಮಾಡಿದ. "ಇದೇನು, ಇಲ್ಲಿ ಏಳ್ನೂರತ್ತು ಅಂತದೆ?"

7 ∤ 10 ಇರಬೇಕಾದ ಜಾಗದಲ್ಲಿ 710 ಇತ್ತು. ಪಟ್ಟಿಯಲ್ಲಿಲ್ಲದ ಚಿಹ್ನೆಯನ್ನು ಕಂಪ್ಯೂಟರು ನುಂಗಿ, ಅಕ್ಕಪಕ್ಕದ ಅಂಕಿಗಳನ್ನು ಒಂದಕ್ಕೊಂದು ಅಂಟಿಸಿ, ಏನೂ ಆಗಿಯೇ ಇಲ್ಲವೆಂಬಂತೆ ಮುಂದೆ ಹೋಗಿತ್ತು. ಖಾಲಿ ಜಾಗವೊಂದು ಬಿದ್ದಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತೋ ಏನೋ. ಅಕ್ಷರಗಳಿದ್ದ ಕಡೆ ಇನ್ನೂ ಕೆಟ್ಟದ್ದು. ಎರಡು ಅಕ್ಷರ ಪಕ್ಕಪಕ್ಕ ಬಂದರೆ ಗಣಿತದವರು ಗುಣಾಕಾರವೆಂದೇ ಓದುತ್ತಾರೆ. ಮೋಹನ್ ಯಾರೂ ತೆರೆಯದ ಆ ದೂರಿನ ಕಡತವನ್ನು ತೆರೆದು ಎಣಿಸಿದ. ಈ ಚಿಹ್ನೆ ನನಗೆ ಗೊತ್ತಿಲ್ಲ ಎಂಬ ದೂರು ಅದರಲ್ಲಿ ಅರವತ್ತಮೂರು ಸಲ ಇತ್ತು.

ಮೂವತ್ತೊಂದು ವರ್ಷದಲ್ಲಿ ವೃಂದಾ ಮಾಡಿದ ತಪ್ಪುಗಳನ್ನೆಲ್ಲ ಕೂಡಿಸಿದರೂ ಅರವತ್ತಮೂರು ಆಗುತ್ತಿರಲಿಲ್ಲ. ಎದ್ದು ಗುರುಚರಣರ ಕೋಣೆಗೆ ಹೋದಳು. ತಪ್ಪನ್ನು ಮುಚ್ಚಿಡುವ ಹೆಂಗಸಲ್ಲ ಅವಳು. ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಲ್ಯಾಪ್‌ಟಾಪಿಗೆ ಆ ಸೌಕರ್ಯ ಯಾಕೆ ಬೇಕಾಯಿತು ಎಂಬುದೊಂದನ್ನು ಬಿಟ್ಟು.

ಗುರುಚರಣರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಿತವೆನಿಸುತ್ತಿತ್ತು. ಪ್ರೆಸ್ಸಿನ ನಂಬರು ಒತ್ತಿದರು. ಫೋನು ಹೋಗಲೇ ಇಲ್ಲ. ಮ್ಯಾನೇಜರ್ ವೆಂಕಟೇಶನ ಮೊಬೈಲು ಸ್ವಿಚ್ ಆಫ್. "ಒಂಬತ್ತಕ್ಕೆ ಪ್ಲೇಟ್ ಹಾಕ್ತೀನಿ ಅಂದಿದ್ದ. ಈಗ ಹತ್ತೂವರೆ" ಎಂದರು. ಪುಟಗಳನ್ನು ಅಚ್ಚಿನ ಪ್ಲೇಟು ಮಾಡಿ ಮೆಷಿನ್ನಿಗೆ ಏರಿಸಿದರೆ ಆರುನೂರು ಪ್ರತಿ ಓಡಲು ಎಷ್ಟು ಹೊತ್ತು!

"ನಾನೇ ಹೋಗ್ತೀನಿ ಸಾರ್" ಎಂದಳು ವೃಂದಾ. "ಮೋಹನ್ ಸರಿಮಾಡಿ ಮೇಲ್ ಹಾಕಲಿ. ನಾನು ಹೋಗಿ ನಿಲ್ಲಿಸ್ತೀನಿ."

ಸರಿಮಾಡುವುದು ಒಂದು ನಿಮಿಷದ ಕೆಲಸವಾಗಿತ್ತು. ಚಿಹ್ನೆ ಇದ್ದ ಕಡೆಯಲ್ಲೆಲ್ಲ ಹಳೆಯ ಅಪ್ಪಣೆ ಹಾಕು ಎಂದು ಒಂದು ಸಲ ಹೇಳಿದರೆ ಮುಗಿಯಿತು. ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಮೋಹನ್ ಮೇಲಿನಿಂದ, "ಆಯ್ತಕ್ಕಾ, ಅರವತ್ಮೂರೂ ಬದಲಾದೋ" ಎಂದು ಕೂಗಿದ. ಆ ಮಾತು ಕೇಳಿ ಅವಳಿಗೆ ಅಳು ಬಂತು. ಒಂದು ನಿಮಿಷದಲ್ಲಿ ಆಗುವ ಕೆಲಸ ಒಂದು ದಿನ ಮೊದಲೇ ಆಗಬಾರದಿತ್ತೇ?

ಎಗ್ಮೋರಿಗೆ ಹೋಗುವ ಲೋಕಲ್ ರೈಲಿನಲ್ಲಿ ಲೇಡೀಸ್ ಡಬ್ಬಿ ಅರ್ಧ ಖಾಲಿಯಿತ್ತು. ಎದುರಿಗೆ ಕೂತವಳು ಮಲ್ಲಿಗೆ ಕಟ್ಟುತ್ತಿದ್ದಳು. ಪಲ್ಲಾವರಂ, ಗಿಂಡಿ, ಮಾಂಬಲಂ ಒಂದೊಂದೂ ಒಂದು ಗಂಟೆಯ ದೂರವೆನಿಸಿತು. ವೃಂದಾ ಕಣ್ಣುಮುಚ್ಚಿದರೆ ಭಾನುವಾರದ ಸಭೆಯೇ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ದೊಡ್ಡ ಪ್ರೊಫೆಸರು ಪುಸ್ತಕ ಬಿಡಿಸುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ಪಕ್ಕದವರಿಗೆ ತೋರಿಸುತ್ತಾರೆ. ವೇದಿಕೆಯ ಮೇಲೆ ಶಾಲು ಹೊದ್ದು ಕೂತ ತಿರುಮಲರಿಗೆ ಅವರು ಯಾಕೆ ನಗುತ್ತಿದ್ದಾರೆಂದು ತಿಳಿಯುವುದಿಲ್ಲ. ಪಾರ್ಥಸಾರಥಿ, ಇದೊಂದು ಸಲ ಕಾಪಾಡಪ್ಪ, ಎಂದು ಅವಳು ಬೇಡಿಕೊಂಡಳು. ನಲವತ್ತೊಂದು ಅಂಕ ಕೊಡಿಸಿದ ದೇವರಿಗೆ ಇದು ದೊಡ್ಡದಲ್ಲ ಎಂಬ ಧೈರ್ಯ. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು. ಪುಸ್ತಕ ಅಚ್ಚಾಗಿಬಿಟ್ಟಿದ್ದರೆ ಗುರುಚರಣರು ಹೇಗಾಯಿತೆಂದು ಕೇಳಿಯೇ ಕೇಳುತ್ತಾರೆ. ಕೇಳಿದರೆ ಕಣ್ಣಿನ ವಿಷಯ ಹೊರಬರುತ್ತದೆ. ಆಮೇಲೆ ಅವಳಿಗೂ ಆ ಸ್ಟೂಲೇ.

ಎಗ್ಮೋರಿನಲ್ಲಿ ಇಳಿದು ಆಟೋ ಹಿಡಿದಳು. ಪುರಸೈವಾಕ್ಕಂನ ದೊಡ್ಡ ರಸ್ತೆಯಲ್ಲಿ ಬಟ್ಟೆ ಅಂಗಡಿಗಳ ಜನ ಆಗಲೇ ಉಕ್ಕುತ್ತಿದ್ದರು; ಮದುವೆ ಕಾಲ. ಸ್ಟೀಲ್ ಪಾತ್ರೆ ಅಂಗಡಿಯ ಪಕ್ಕದ ಗಲ್ಲಿಯಲ್ಲಿ ಆಟೋ ಹೋಗಲಾರದು. ಸೀರೆಯ ನೆರಿಗೆ ಎತ್ತಿ ಹಿಡಿದು ಅವಳು ಓಡಿದಳು. ಐವತ್ತಮೂರರ ಹೆಂಗಸು ಹಾಗೆ ಓಡುವುದನ್ನು ನೋಡಿ ಒಬ್ಬ ಇಡ್ಲಿ ಗಾಡಿಯವನು, "ಮೆದುವಾ ಪೋಮ್ಮಾ" ಎಂದು ಮೆಲ್ಲಗೆ ಹೋಗಲು ಕೂಗಿ ಹೇಳಿದ.

ಗಲ್ಲಿಯ ಕೊನೆಗೆ ಬಂದಾಗ ಅವಳಿಗೆ ಮೊದಲು ಅರಿವಿಗೆ ಬಂದದ್ದು ಸದ್ದಿಲ್ಲದಿರುವುದು. ಆ ಪ್ರೆಸ್ಸಿನ ಮೆಷಿನ್ನು ಓಡಿದರೆ ಗಲ್ಲಿಯ ಬಾಯಿಗೇ ಕೇಳಿಸುತ್ತದೆ. ಈಗ ಏನೂ ಇಲ್ಲ. ಓಡಿ ಮುಗಿಯಿತೇ? ಬಾಗಿಲ ಮೆಟ್ಟಿಲ ಮೇಲೆ ನಾಲ್ಕು ಜನ ಕೆಲಸಗಾರರು ಬನಿಯನ್ನಿನಲ್ಲಿ ಕೂತು ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಅವರ ಹಿಂದೆ ವೆಂಕಟೇಶ, ಕೈಯಲ್ಲಿ ಸತ್ತ ಮೊಬೈಲು, ಮುಖದಲ್ಲಿ ಬೆವರು. ಅವನ ತಾಯಿ ಹೊಸೂರಿನ ಕಡೆಯವಳಾದ್ದರಿಂದ ಅರ್ಧ ಕನ್ನಡ ಬರುತ್ತಿತ್ತು.

"ಏನು ಮೇಡಂ, ಇಷ್ಟು ದೂರ?" ಎಂದ. "ಕರೆಂಟ್ ಇಲ್ಲ. ತಿಂಗಳ ಶಟ್‌ಡೌನ್. ಒಂಬತ್ತು ಗಂಟೆಗೆ ಸರಿಯಾ ಪೋಚ್ಚು. ಇನ್ನು ಎರಡು ಗಂಟೆಗೇ ಬರೋದು. ಫೋನೂ ಸತ್ತೋಯ್ತು."

"ಪ್ಲೇಟು?" ಎಂದಳು ವೃಂದಾ. ಉಸಿರು ಸಿಗುತ್ತಿರಲಿಲ್ಲ.

"ಎಲ್ಲಿ ಪ್ಲೇಟು? ಒಂದೂ ಹಾಕಿಲ್ಲ."

ವೃಂದಾ ಮೆಟ್ಟಿಲ ಮೇಲೆ ಆ ಕೆಲಸಗಾರರ ಪಕ್ಕದಲ್ಲೇ ಕುಸಿದು ಕೂತಳು. ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಈ ಊರಿನಲ್ಲಿ ಕರೆಂಟ್ ಹೋದಾಗಲೆಲ್ಲ ಶಾಪ ಹಾಕಿದ್ದವಳು ಇವತ್ತು ಮೊದಲ ಸಲ ಕೈಮುಗಿದಳು. ಒಬ್ಬ ಕೆಲಸಗಾರ ಏನೂ ಕೇಳದೆ ತನ್ನ ರಟ್ಟಿನಿಂದ ಅವಳಿಗೂ ಗಾಳಿ ಹಾಕಿದ. ಎಂಥ ಹಗುರ! ಎದೆಯ ಮೇಲಿಂದ ರುಬ್ಬುಗುಂಡು ಎತ್ತಿಟ್ಟ ಹಾಗಾಯಿತು.

ಹೊಸ ಫೈಲು ಮೇಲ್‌ನಲ್ಲಿ ಬಂದಿದೆ, ಅದನ್ನೇ ಹಾಕಿ ಎಂದು ಅವಳು ಹೇಳಿದಾಗ ವೆಂಕಟೇಶ ಆಗದೆಂದು ತಲೆಯಾಡಿಸಿದ. ಅವನಿಗೂ ಒಂದು ಪದ್ಧತಿಯಿತ್ತು. ಒಪ್ಪಿಗೆ ಹಾಳೆಗೆ ಸಹಿ ಬಿದ್ದ ಮೇಲೆ ಫೈಲು ಬದಲಾದರೆ ಬರೆದವರ ಬಾಯಿಂದಲೇ ಸರಿಯೆಂದು ಬರಬೇಕು. ಹಿಂದೊಮ್ಮೆ ಇಂಥ ಅವಸರದಲ್ಲೇ ಯಾರದೋ ಮದುವೆಯ ತಾರೀಕು ತಪ್ಪಾಗಿ ಅಚ್ಚಾಗಿತ್ತಂತೆ. "ನೀವೇ ಅವರಿಗೆ ಫೋನ್ ಪಣ್ಣಿ ಮೇಡಂ. ಅವರು ಸರಿ ಅಂದ್ರೆ ನಂಗೂ ಸರಿ" ಎಂದ.

ಇದನ್ನು ಅವಳು ಎಣಿಸಿರಲಿಲ್ಲ. ಆದರೂ ಹಗುರಾದ ಮನಸ್ಸಿಗೆ ಧೈರ್ಯ ಜಾಸ್ತಿ. ಅಲ್ಲೇ ಕೂತು ತಿರುಮಲರಿಗೆ ಫೋನು ಮಾಡಿದಳು. ಅರವತ್ತಮೂರು ಕಡೆ ಚಿಹ್ನೆ ಬಿದ್ದುಹೋಗಿತ್ತು, ತಪ್ಪು ನನ್ನದು, ಅಚ್ಚಾಗಿಲ್ಲ, ಈಗ ಸರಿಯಾಗಿದೆ, ನೀವು ಒಪ್ಪಿದರೆ ಸಾಕು, ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

ಮೇಷ್ಟರು, "ಅಚ್ಚಾಗಿಲ್ಲ ತಾನೆ? ಸದ್ಯ! ಸರಿ, ನನ್ನ ಕೆಂಪು ಪೆನ್ನಿನ ಪ್ರತಿ ಇಲ್ಲೇ ಇದೆ. ನೀವು ಹೊಸ ಫೈಲು ನೋಡಿ ಒಂದೊಂದಾಗಿ ಓದಿ ಹೇಳಿ, ನಾನು ಟಿಕ್ ಹಾಕ್ತಾ ಹೋಗ್ತೀನಿ" ಎಂದರು.

ವೃಂದಾ ತನ್ನ ಫೋನಿನಲ್ಲಿ ಫೈಲು ತೆರೆದಳು. ಪುಟ ನಲವತ್ತೇಳು. ಬೆರಳಿನಿಂದ ಹಿಗ್ಗಿಸಿದಳು. ಗಲ್ಲಿಯ ಬಿಸಿಲು ಗಾಜಿನ ಮೇಲೆ ಬಿದ್ದು ಬಿಳಿಯೊಳಗೆ ಬೂದು ಗೆರೆಗಳು ಈಜಾಡಿದವು. ಒಳಗೆ ಹೋಗಿ ಕತ್ತಲಲ್ಲಿ ನೋಡಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ನೋಡಿದಳು. ಗೆರೆಯ ಮೇಲೆ ಕೊರೆ ಇದೆಯೋ ಇಲ್ಲವೋ, ಆಣೆಯಿಟ್ಟು ಹೇಳಲಾರಳು. ಎಲ್ಲ ಇದೆ ಸಾರ್ ಎಂದುಬಿಡಬಹುದಿತ್ತು. ಮೋಹನ್ ಸರಿಮಾಡಿದ್ದಾನೆ, ಇದ್ದೇ ಇರುತ್ತವೆ, ಯಾರಿಗೆ ಗೊತ್ತಾಗುತ್ತದೆ? ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ತನ್ನ ಪರದೆಯ ಮೇಲೆ ಎಲ್ಲ ಇದೆ ಎಂದು ನಂಬಿಯೇ ಅಲ್ಲವೇ ಅವಳು ಈ ಗಲ್ಲಿಯವರೆಗೆ ಓಡಿಬಂದದ್ದು!

"ಹಲೋ? ಇದ್ದೀರೇನಮ್ಮ?" ಎಂದರು ತಿರುಮಲರು.

"ನನಗೆ ಕಾಣಿಸ್ತಾ ಇಲ್ಲ ಸಾರ್" ಎಂದಳು ವೃಂದಾ. "ಕಣ್ಣಲ್ಲಿ ಪೊರೆ ಬಂದಿದೆ. ಆರು ತಿಂಗಳಾಯ್ತು. ಆಫೀಸಲ್ಲಿ ಯಾರಿಗೂ ಹೇಳಿಲ್ಲ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಅಷ್ಟು ತಿಂಗಳು ಹಲ್ಲುಕಚ್ಚಿ ಹಿಡಿದಿಟ್ಟ ಮಾತು, ಎರಡೇ ಸಲ ಭೇಟಿಯಾದ ಮನುಷ್ಯನ ಮುಂದೆ, ಕತ್ತಲ ಪ್ರೆಸ್ಸಿನಲ್ಲಿ, ಹೀಗೆ ಸಲೀಸಾಗಿ ಬಂದುಬಿಟ್ಟಿತು.

"ಅಯ್ಯೋ, ಅದಕ್ಕೇನಂತೆ" ಎಂದರು ಮೇಷ್ಟರು. "ನನ್ನವು ಎರಡೂ ಆಪರೇಷನ್ ಆಗಿ ಐದು ವರ್ಷ ಆಯ್ತು. ಆ ಫೈಲು ನನಗೆ ಕಳಿಸಿ. ನಾನು ಓದ್ತೀನಿ, ನೀವು ಎಣಿಸ್ತಾ ಹೋಗಿ."

ಹೀಗಾಗಿ ವೃಂದಾ ವೆಂಕಟೇಶನ ಹತ್ತಿರ ಒಂದು ಹಳೆ ಹಾಳೆ, ಒಂದು ಸ್ಕೆಚ್ ಪೆನ್ನು ಇಸಿದುಕೊಂಡು ಮೆಟ್ಟಿಲ ಮೇಲೆ ಕೂತಳು. ಫೋನಿನಲ್ಲಿ ಮೇಷ್ಟರ ದನಿ ಪಾಠ ಮಾಡುವ ಓಘಕ್ಕೆ ಬಂತು. "ಪುಟ ನಲವತ್ತೇಳು. ಏಳು ಹತ್ತನ್ನ ಭಾಗಿಸೋದಿಲ್ಲ. ಇದೆ. ಅದೇ ಪುಟ, ನಾಲ್ಕು ಒಂಬತ್ತನ್ನ ಭಾಗಿಸೋದಿಲ್ಲ. ಇದೆ." ಒಂದೊಂದಕ್ಕೂ ಅವಳು ದಪ್ಪನೆಯ ಒಂದು ಗೆರೆ ಎಳೆದಳು. ಹತ್ತಾಯಿತು, ಇಪ್ಪತ್ತಾಯಿತು. ಕೆಲಸಗಾರರಲ್ಲೊಬ್ಬ ಎಲ್ಲರಿಗೂ ಚಹಾ ತಂದ, ಅವಳಿಗೂ. ಮೂವತ್ತೊಂದು ವರ್ಷ ಆಕಾರವಾಗಿ ಮಾತ್ರ ಕಂಡಿದ್ದ ಸಾಲುಗಳು ಈಗ ಮಾತಾಗಿ ಕಿವಿಗೆ ಬೀಳುತ್ತಿದ್ದವು. ಅವುಗಳಲ್ಲಿ ಕೆಲವು ಅವಳಿಗೂ ಅರ್ಥವಾಗುತ್ತಿದ್ದವು. ಏಳು ಹತ್ತನ್ನು ಭಾಗಿಸುವುದಿಲ್ಲ, ಹೌದಲ್ಲ, ಭಾಗಿಸುವುದಿಲ್ಲ!

ಅರವತ್ತೆರಡು ಗೆರೆಗಳಾದವು. ಅರವತ್ತಮೂರನೆಯದಕ್ಕೆ ಬಂದಾಗ ಮೇಷ್ಟರ ದನಿ ನಿಂತಿತು.

"ಪುಟ ನೂರ ಮೂವತ್ತೊಂದು. ಹದಿಮೂರು..."

ವೃಂದಾಳ ಕೈಯಲ್ಲಿ ಪೆನ್ನು ಗಾಳಿಯಲ್ಲೇ ನಿಂತಿತು. "ಇಲ್ವಾ ಸಾರ್?"

"ಚಿಹ್ನೆ ಇದೆಯಮ್ಮ. ಇರಬಾರದಿತ್ತು." ಆ ಕಡೆಯಿಂದ ಕಾಗದ ಸರಸರ ತಿರುವುವ ಸದ್ದು. "ಹದಿಮೂರು ಸಾವಿರದ ಒಂದನ್ನ ಭಾಗಿಸೋದಿಲ್ಲ ಅಂತಿದೆ. ಹದಿಮೂರನ್ನ ಎಪ್ಪತ್ತೇಳರಿಂದ ಗುಣಿಸಿದ್ರೆ ಎಷ್ಟು? ಸಾವಿರದ ಒಂದೇ! ಭಾಗ ಆಗೇ ಆಗತ್ತೆ! ಮೊದಲು ಸರಿಯಾಗೇ ಬರ್ದಿದ್ದೆ ನೋಡಿ. ಕೆಂಪು ಪೆನ್ನು ಹಿಡಿದ ಭರಾಟೆಯಲ್ಲಿ ಇದಕ್ಕೂ ಕೊರೆ ಹಾಕಿಬಿಟ್ಟಿದ್ದೀನಿ. ನನ್ನ ತಪ್ಪು, ಪೂರಾ ನನ್ನ ತಪ್ಪು."

ಹೇಳುತ್ತ ಹೇಳುತ್ತ ಅವರಿಗೆ ನಗು ಬಂತು. ಎಪ್ಪತ್ತಾರು ವರ್ಷದ ಮೇಷ್ಟರು ಕೆಮ್ಮು ಬರುವವರೆಗೆ ನಕ್ಕರು. "ನೀವು ಎಲ್ಲವನ್ನೂ ಸರಿಯಾಗಿ ಮಾಡಿದ್ದಿದ್ರೆ ನಾನು ಈ ಪುಟ ತೆಗೀತಾನೇ ಇರಲಿಲ್ಲ. ಭಾನುವಾರ ನನ್ನ ಶಿಷ್ಯರ ಮುಂದೆ ನನ್ನ ಮರ್ಯಾದೆ ಹೋಗ್ತಿತ್ತು" ಎಂದರು. ಆಮೇಲೆ ದನಿ ತಗ್ಗಿಸಿ, "ಮೊದಲು ಆ ಕಣ್ಣು ಮಾಡಿಸಿಕೊಳ್ಳಿ. ಮುಚ್ಚಿಟ್ಟು ಯಾರಿಗೆ ಏನು ಉಪಕಾರ?" ಎಂದರು. ವೃಂದಾ ಹ್ಞೂಂ ಎಂದಳು. ಮೋ‌ಹನ್‌ಗೆ ಹೇಳಿ ಆ ಒಂದು ಕೊರೆ ತೆಗೆಸಿದಳು. ಮೇಷ್ಟರೇ ವೆಂಕಟೇಶನೊಡನೆ ಮಾತಾಡಿ ಸರಿಯೆಂದರು.

ಎರಡಕ್ಕೆ ಐದು ನಿಮಿಷವಿರುವಾಗಲೇ ಕರೆಂಟ್ ಬಂತು. ಫ್ಯಾನುಗಳು ತಿರುಗಿದವು, ಕೆಲಸಗಾರರು ಹೋ ಎಂದು ಎದ್ದರು. ಅರ್ಧ ಗಂಟೆಯಲ್ಲಿ ಮೊದಲ ಪ್ಲೇಟು ಏರಿ ಮೆಷಿನ್ನು ಸದ್ದುಮಾಡತೊಡಗಿತು. ವೆಂಕಟೇಶ ಮೊದಲ ಹಾಳೆಯನ್ನು ಎಳೆದು ತಂದು ಅವಳ ಮುಂದೆ ಹಿಡಿದ. ಅವಳು ಕಣ್ಣಿನ ಹತ್ತಿರಕ್ಕೆ ತರಲಿಲ್ಲ. "ನೀವೇ ನೋಡಿ ಹೇಳಿ ವೆಂಕಟೇಶ್, ಗೆರೆ ಮೇಲೆ ಕೊರೆ ಇದೆಯಾ?" ಎಂದು ನೇರವಾಗಿ ಕೇಳಿದಳು. "ಇದೆ ಮೇಡಂ, ಜೋರಾಗಿದೆ" ಎಂದ ಅವನು.

ಗಲ್ಲಿಗೆ ಬಂದು ಗುರುಚರಣರಿಗೆ ಫೋನು ಮಾಡಿದಳು. ಒಂದೂ ಅಚ್ಚಾಗಿರಲಿಲ್ಲ, ಈಗ ಸರಿಯಾದದ್ದು ಓಡುತ್ತಿದೆ ಎಂದಾಗ ಅವರು, "ಅಬ್ಬ, ಉಳ್ಸಿದೆ ಕಣಮ್ಮ" ಎಂದು ದೊಡ್ಡದಾಗಿ ಉಸಿರು ಬಿಟ್ಟರು.

"ಸಾರ್, ಇನ್ನೊಂದು ಹೇಳ್ಬೇಕು" ಎಂದಳು ವೃಂದಾ. "ನನಗೆ ಎರಡು ಕಣ್ಣಲ್ಲೂ ಪೊರೆ ಇದೆ. ಅದಕ್ಕೇ ಇದೆಲ್ಲ ಆದದ್ದು. ಆಪರೇಷನ್ ಮಾಡಿಸ್ಬೇಕು. ರಜೆ ಬೇಕು. ಆಮೇಲೆ... ಆಮೇಲೆ ನನ್ನ ಜಾಗಕ್ಕೇ ಬರ್ತೀನಿ ಸಾರ್. ಬೀರು ಮುಂದೆ ಮಾತ್ರ ಕೂರಿಸ್ಬೇಡಿ."

ಜಯಲಕ್ಷ್ಮಮ್ಮನ ನೆನಪು ಗುರುಚರಣರಿಗೂ ಬಂದಿರಬೇಕು.

"ಆವತ್ತು ಅವರನ್ನ ಡಾಕ್ಟರ ಹತ್ರ ಕಳಿಸ್ಬೇಕು ಅಂತ ನನಗೆ ಹೊಳೀಲೇ ಇಲ್ಲ ವೃಂದಾ" ಎಂದರು. ಆಮೇಲೆ ಕೇಳಿದರು, "ಯಾವ ಕಣ್ಣು ಮೊದಲು?"

ಆರು ತಿಂಗಳಿಂದ ಯಾರು ಏನು ಕೇಳಿದರೆ ಏನು ಹೇಳಬೇಕೆಂದು ಅವಳು ಉತ್ತರಗಳನ್ನು ಹೊಂದಿಸಿಟ್ಟುಕೊಂಡಿದ್ದಳು. ಇದನ್ನು ಯಾರಾದರೂ ಕೇಳಬಹುದೆಂದು ಮಾತ್ರ ಹೊಳೆದಿರಲಿಲ್ಲ. ಗಲ್ಲಿಯ ನಡುವೆ ನಿಂತು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದಳು, ಆಮೇಲೆ ಇನ್ನೊಂದನ್ನು.

"ಎಡಗಣ್ಣು ಸಾರ್" ಎಂದಳು.